ಮಂಜುಳಕ್ಕನ ಕೈ

ಮಂಜುಳಕ್ಕ, ನನ್ನ ಕೂದಲು ಉದುರಿದ್ದು ನಿನ್ನ ಕೈ ತಾಗಿ ಅಲ್ಲ — ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ನೀನು ಮನೆ ಬಿಟ್ಟು ಹೋಗುವಾಗಲೂ ಸುಮ್ಮನೇ ನಿಂತು ನೋಡಿದೆ.

ನಾನು ಈ ಮನೆಗೆ ಕಿರಿಯ ಸೊಸೆಯಾಗಿ ಬಂದಾಗ ನೀನು ಹಿರಿಯ ಸೊಸೆ. ನಿನಗೆ ಮಕ್ಕಳಾಗಿಲ್ಲ ಅಂತ ಚನ್ನರಾಯಪಟ್ಟಣದ ಸುತ್ತಮುತ್ತಲಿನ ನೆಂಟರೆಲ್ಲ ಆಡಿಕೊಳ್ಳುತ್ತಿದ್ದರು. ಆದರೂ ನಾನು ಬಸುರಿಯಾದಾಗ ನನಗಿಂತ ಹೆಚ್ಚು ಹಿಗ್ಗಿದವಳು ನೀನೇ. ಆ ತಿಂಗಳುಗಳಲ್ಲಿ ನನ್ನ ಕೂದಲು ಎಂದೂ ಇಲ್ಲದ ಹಾಗೆ ದಟ್ಟವಾಯಿತು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಹಚ್ಚುತ್ತಾ ನೀನು, "ಒಂದ್ ಕೈಲಿ ಹಿಡಿಯೋಕಾಗಲ್ಲ ಕಣೆ ಸುಧಾ" ಅನ್ನುತ್ತಿದ್ದೆ. ಸೀಮಂತಕ್ಕೆ ಮೊಗ್ಗಿನ ಜಡೆ ಹೆಣೆದವಳು ನೀನು. ತವರಲ್ಲಿ ಅಮ್ಮನಿಲ್ಲದ ನನಗೆ ಬಾಣಂತನ ಮಾಡಿದವಳೂ ನೀನು.

ಮಗನಿಗೆ ನಾಲ್ಕನೇ ತಿಂಗಳು ನಡೆಯುತ್ತಿತ್ತು. ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ — ಬೆರಳುಗಳ ನಡುವೆ ಏನೋ ಜಾರಿದ ಹಾಗಾಯಿತು. ನೋಡಿದರೆ ಮುಷ್ಟಿ ತುಂಬ ಕೂದಲು. ಮತ್ತೆ ಕೈ ಹಾಕಿದೆ, ಮತ್ತೊಂದು ಹಿಡಿ. ಬಚ್ಚಲಿನ ತೂತು ಕಟ್ಟಿಕೊಂಡು ನೀರು ಪಾದದ ಮೇಲೆ ನಿಂತಿತ್ತು. ಆಮೇಲೆ ದಿಂಬಿನ ಮೇಲೆ, ಅನ್ನದಲ್ಲಿ, ಮಗುವಿನ ಬೆರಳುಗಳಲ್ಲಿ — ಎಲ್ಲೆಲ್ಲೂ ನನ್ನದೇ ಕೂದಲು. ಹಣೆಯ ಎರಡೂ ಪಕ್ಕ ಬೋಳಾಗುತ್ತಾ ಬಂತು.

ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ನರ್ಸಮ್ಮನ ಮುಂದೆ ಅತ್ತೇಬಿಟ್ಟೆ. ಅವರು ನನ್ನ ತಲೆ ನೋಡಿ, "ಹೆದರ್ಬೇಡ. ಬಸುರೀಲಿ ಉದುರ್ದೆ ಉಳ್ಕೊಂಡಿದ್ದ ಕೂದ್ಲೆಲ್ಲ ಈಗ ಒಟ್ಟಿಗೆ ಹೋಗ್ತಿದೆ, ಅಷ್ಟೆ. ಹೆತ್ತೋರಿಗೆ ತುಂಬಾ ಜನಕ್ಕೆ ಹಿಂಗಾಗುತ್ತೆ. ಬಿಗಿಯಾಗಿ ಜಡೆ ಹಾಕ್ಬೇಡ, ಹೊಟ್ಟೆ ತುಂಬ ಉಣ್ಣು. ವರ್ಷ ತುಂಬೋ ಹೊತ್ಗೆ ತಾನೇ ಬರುತ್ತೆ. ಬರ್ಲಿಲ್ಲಾಂದ್ರೆ ಡಾಕ್ಟ್ರಿಗೆ ತೋರ್ಸು" ಅಂದರು. ಅಷ್ಟನ್ನೂ ಕೇಳಿಸಿಕೊಂಡೇ ನಾನು ಬಸ್ಸು ಹತ್ತಿದ್ದು.

ಮನೆಗೆ ಬಂದರೆ ಅತ್ತೆ ಪಕ್ಕದ ಮನೆಯ ಹೆಂಗಸರ ಜೊತೆ ಜಗಲಿಯ ಮೇಲೆ ಕೂತಿದ್ದರು. ಕೈಯಲ್ಲಿ ನನ್ನ ಕೂದಲಿನ ಉಂಡೆ. "ನಿನ್ ತಲೆಗೆ ಎಣ್ಣೆ ಹಚ್ತಿದ್ದೋರು ಯಾರು?" ಎಂದು ಕೇಳಿದರು. ಮಕ್ಕಳಿಲ್ಲದವಳ ಕೈ ತಾಗಿಯೇ ಹೀಗಾಯಿತು ಅಂತ ಹೇಳಿಸಲು ಕೇಳುತ್ತಿದ್ದಾರೆಂದು ನನಗೆ ಅರ್ಥವಾಗಿತ್ತು. ನೀನು ಬಾಗಿಲಲ್ಲಿ ನಿಂತು ನನ್ನ ಮಗನ ಬಟ್ಟೆ ಮಡಿಸುತ್ತಿದ್ದೆ.

"ಅಕ್ಕಾನೇ" ಅಂದೆ.

ಸುಳ್ಳಲ್ಲ. ಆದರೆ ನರ್ಸಮ್ಮ ಹೇಳಿದ್ದನ್ನು ನುಂಗಿಕೊಂಡು ಆಡಿದ ಮಾತು ಅದು. ನನ್ನ ತೋಳಿನಲ್ಲಿ ಚೀರುತ್ತಿದ್ದ ಮಗ ನಿನ್ನ ತೋಳಿಗೆ ಹೋದ ಕೂಡಲೇ ಸುಮ್ಮನಾಗುತ್ತಿದ್ದ. ಅದನ್ನು ಸಹಿಸಲು ನನಗೆ ಆಗುತ್ತಿರಲಿಲ್ಲ — ನನ್ನ ಸಣ್ಣತನ, ಅಷ್ಟೆ.

"ಇನ್ಮೇಲೆ ಮಗೂನ ಮುಟ್ಬೇಡ" ಅಂದರು ಅತ್ತೆ, ನಿನ್ನ ಕಡೆ ತಿರುಗಿ. ನೀನು ನನ್ನನ್ನು ನೋಡಿದೆ. ನಾನು ನೆಲ ನೋಡಿದೆ. ಮಡಿಸಿದ ಬಟ್ಟೆ ಅಲ್ಲೇ ಇಟ್ಟು ಒಳಗೆ ಹೋದೆ ನೀನು. ಆ ತಿಂಗಳೇ ಭಾವ ಹೊಸಕೋಟೆಯಲ್ಲಿ ಬಾಡಿಗೆ ಮನೆ ಹಿಡಿದರು.

ಮಗನಿಗೆ ವರ್ಷ ತುಂಬುವ ಹೊತ್ತಿಗೆ ನನ್ನ ಹಣೆಯ ಮೇಲೆ ಮೋಟು ಕೂದಲು ನೆಟ್ಟಗೆ ಎದ್ದು ನಿಂತಿತು. ಅತ್ತೆ ಅದನ್ನು ಸವರಿ, "ನೋಡ್ದಾ, ಅವ್ಳು ಹೋದ್ಳು, ಕೂದ್ಲು ಬಂತು" ಅಂದರು. ಆಗಲೂ ನಾನು ಬಾಯಿ ತೆರೆಯಲಿಲ್ಲ ಅಕ್ಕ. ತಾನಾಗಿ ಚಿಗುರಿದ ಕೂದಲೇ ನಿನ್ನ ವಿರುದ್ಧ ಸಾಕ್ಷಿಯಾಯಿತು.

ನಿನಗೆ ನನ್ನ ಮೇಲೆ ಸಿಟ್ಟಿದೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಸಿಟ್ಟಾದರೂ ಇದ್ದಿದ್ದರೆ… ಹೋದ ವಾರ ಅನುಗೊಂಡನಹಳ್ಳಿಯಲ್ಲಿ ನಾದಿನಿಯ ಮಗಳು ರಮ್ಯಳ ಸೀಮಂತ. "ಮಂಜುಳತ್ತೆ, ಜಡೆ ನೀವೇ ಹಾಕ್ಬೇಕು" ಅಂತ ಅವಳು ನಿನ್ನ ಮುಂದೆ ಬಂದು ಕೂತಳು. ನೀನು ಹಿಂದೆ ಸರಿದೆ. ಎರಡೂ ಕೈ ಸೆರಗಿನೊಳಗೆ ಅಡಗಿಸಿಕೊಂಡೆ.

"ಬೇಡ ಕಣಮ್ಮ. ನನ್ ಕೈ ಒಳ್ಳೇದಲ್ಲ."

ಅತ್ತೆ ನಂಬಿದ್ದರು, ಅಕ್ಕಪಕ್ಕದವರು ನಂಬಿದ್ದರು — ಆದರೆ ನೀನೂ ನಂಬಿಬಿಟ್ಟಿದ್ದೀಯ ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅಲ್ಲೇ, ಎಲ್ಲರ ಮುಂದೆಯೇ ಹೇಳಬೇಕಿತ್ತು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. "ನಾನು ತಿಳೀದೆ ಅಂದೆ. ನೀನು ತಿಳ್ದೂ…" ಅಷ್ಟಕ್ಕೇ ನಿಲ್ಲಿಸಿದರು. ಊಟಕ್ಕೆ ಏಳಲಿಲ್ಲ.

ಭಾನುವಾರ ಮಗನನ್ನು ಕರೆದುಕೊಂಡು ಹೊಸಕೋಟೆಗೆ ಬರುತ್ತೇನೆ. ಕೂಸಾಗಿದ್ದಾಗ ನಿನ್ನ ತೋಳಿನಲ್ಲಿ ನಿದ್ದೆ ಮಾಡುತ್ತಿದ್ದವನಿಗೆ ನಿನ್ನ ಗುರುತೇ ಇಲ್ಲ. ಅವನಿಗೂ ತಿಳಿಯಲಿ, ಅವನಮ್ಮ ಏನು ಮಾಡಿದಳೆಂದು. ನೀನು ಒಳಗೆ ಕರೆಯಬೇಕಾಗಿಲ್ಲ. ಜಗಲಿಯಲ್ಲಿ ನಿನ್ನ ಹೆಸರು ಕೆಡಿಸಿದವಳು ನಾನು — ಬೀದಿಯಲ್ಲೇ ನಿಂತು, ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ ಅಂತ ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ.