ಒಂದೇ ಸಹಿಯ ಅರ್ಜಿ

ತೊಂಬತ್ತರ ದಶಕದಲ್ಲಿ ನಾನು ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯ ಮಹಿಳಾ ಕಬಡ್ಡಿ ತಂಡದಲ್ಲಿ ಆಡುತ್ತಿದ್ದೆ. ನಮ್ಮ ಮನೆ ದೇಹೂ ರೋಡಿನಲ್ಲಿತ್ತು. ಅಪ್ಪ ಧಾರವಾಡದ ಕಡೆಯಿಂದ ಬಂದು ಅಲ್ಲಿಯ ಮಿಲಿಟರಿ ಡಿಪೋದಲ್ಲಿ ಗುಮಾಸ್ತರಾಗಿದ್ದವರು. ದಿನಾ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಮೈದಾನ ಮುಟ್ಟುತ್ತಿದ್ದೆ. ಮೈದಾನದ ಒಂದು ಬದಿಗೆ ಗಂಡಸರ ತಂಡ, ಇನ್ನೊಂದು ಬದಿಗೆ ನಾವು. ಅದೇ ಮಣ್ಣು, ಅದೇ ಎರಡು ತಾಸಿನ ಅಭ್ಯಾಸ, ಇಬ್ಬರಿಗೂ ಒಬ್ಬರೇ ಕೋಚ್. ಅಭ್ಯಾಸ ಮುಗಿದ ಮೇಲೆ ಗಂಡಸರು ಸಮವಸ್ತ್ರ ತೊಟ್ಟು ಕಾರ್ಖಾನೆಯ ಒಳಗೆ ಹೋಗುತ್ತಿದ್ದರು. ಅವರೆಲ್ಲ ಆಟದಿಂದಲೇ ಕಾಯಂ ನೌಕರಿ ಪಡೆದವರು. ನಾವು ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದೆವು. ನಮಗೆ ಇದ್ದದ್ದು ಹನ್ನೊಂದು ತಿಂಗಳ ಕರಾರು ಮತ್ತು ಬಸ್ ಪಾಸಿಗೂ ಊಟಕ್ಕೂ ಮುಗಿದುಹೋಗುವಷ್ಟು ಸ್ಟೈಪೆಂಡ್.

ನನ್ನನ್ನು ತಂಡಕ್ಕೆ ಸೇರಿಸಿದವರು ಅಲ್ಲಿಯ ಕ್ರೀಡಾ ಅಧಿಕಾರಿ. ಬೆಳಗಾವಿಯವರು, ಅಪ್ಪನ ಪರಿಚಯಸ್ಥರು. ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ಇಡೀ ಕಾರ್ಖಾನೆಯಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ.

ಒಂದು ವರ್ಷ ಕಾರ್ಖಾನೆಗಳ ನಡುವಿನ ಪಂದ್ಯಾವಳಿಯಲ್ಲಿ ಗಂಡಸರು ಸೆಮಿಫೈನಲಿನಲ್ಲಿ ಸೋತರು. ನಾವು ಗೆದ್ದೆವು. ಫೈನಲಿನ ಕೊನೆಯ ದಾಳಿಯಲ್ಲಿ ಎದುರಾಳಿಯ ಕಾಲು ಹಿಡಿದು ಕೆಡವಿದವಳು ನಾನು. ಅವಳ ಹಿಮ್ಮಡಿ ಬಡಿದು ನನ್ನ ಕೆಳತುಟಿ ಸೀಳಿತ್ತು. ಮರುವಾರ ಸನ್ಮಾನ ನಡೆಯಿತು. ಸೋತ ತಂಡಕ್ಕೆ ಆ ವರ್ಷ ಸೇರಿದ್ದ ಇಬ್ಬರಿಗೆ ಕಾಯಂ ನೌಕರಿಯ ಪತ್ರ ಕೊಟ್ಟರು. ನಮಗೆ ತಲಾ ಒಂದು ಸೀರೆ. ಫೋಟೋ ತೆಗೆಯುವವನು ಮರಾಠಿಯಲ್ಲಿ, ಸ್ವಲ್ಪ ನಗಿ ತಾಯಿ, ಎಂದು ಎರಡು ಸಲ ಹೇಳಿದ. ತುಟಿಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ, ನಗಲು ಆಗಲಿಲ್ಲ.

ಕಾರ್ಯಕ್ರಮ ಮುಗಿದದ್ದೇ ಕಾಕಾನ ಕೋಣೆಗೆ ಹೋದೆ.

"ಗೆದ್ದವ್ರು ನಾವ್ರಿ ಕಾಕಾ. ನಮಗ್ಯಾಕ ನೌಕರಿ ಇಲ್ಲ?"

"ನಿಮ್ಮ ಆಟ ಎಷ್ಟು ದಿನದ್ದವ್ವಾ? ನಾಳೆ ಲಗ್ನ ಆಗಿ ಹೋಗ್ತೀರಿ. ಗಂಡಸ್ರಿಗೆ ಮನಿ ನಡಸೂದಿರ್ತದ."

"ನಮ್ಮ ಟೀಮಿನಾಗ ಮೂರು ಮಂದಿ ಮನಿ ನಡಸ್ತಾರ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. "ಹಂಗಾರ ಎಲ್ಲಾರೂ ಸಹಿ ಹಾಕಿ ಒಂದು ಅರ್ಜಿ ಕೊಡ್ರಿ. ಒಬ್ಬಾಕಿ ಬಂದು ಹೇಳಿದ್ರ ಮ್ಯಾಲಿನವ್ರು ಯಾರು ಕೇಳ್ತಾರ?"

ಅರ್ಜಿಯನ್ನು ಬರೆದವಳು ನನ್ನ ಗೆಳತಿ. ಮರಾಠಿಯವಳು, ಆರು ವರ್ಷ ನನ್ನ ಪಕ್ಕದಲ್ಲೇ ನಿಂತು ಆಡಿದವಳು. ಅವಳ ಅಕ್ಷರ ದುಂಡಗೆ ಮುದ್ದಾಗಿತ್ತು. ಎಲ್ಲರೂ ಸಹಿ ಹಾಕುವುದೆಂದು ಮಾತಾಯಿತು. ಮರುದಿನ ಕ್ಯಾಂಟೀನಿನಲ್ಲಿ ಕಾಗದ ಮೇಜಿನ ಮೇಲಿಟ್ಟಾಗ ಸುದ್ದಿ ಆಗಲೇ ಹಬ್ಬಿತ್ತು: ಸಹಿ ಹಾಕಿದವರ ಕರಾರು ಮುಂದುವರಿಯುವುದಿಲ್ಲ. ಒಬ್ಬೊಬ್ಬರೇ ಚಹಾ ಮುಗಿಸಿ ಎದ್ದರು. ಕೊನೆಗೆ ಉಳಿದವಳು ಗೆಳತಿ. ಅವಳ ತಂದೆ ಹಾಸಿಗೆ ಹಿಡಿದಿದ್ದರು. "ನನ್ನ ತಂಗಿಯರ ಶಾಲೆ ನಿಂತುಹೋಗುತ್ತದೆ. ನೀನೂ ಹಾಕಬೇಡ, ಹರಿದುಬಿಡೋಣ," ಎಂದು ಮರಾಠಿಯಲ್ಲಿ ಬೇಡಿಕೊಂಡಳು.

ನಾನು ಸಹಿ ಹಾಕಿದೆ. ಅದನ್ನು ಧೈರ್ಯ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ನಮ್ಮ ಮನೆಗೆ ಅಪ್ಪನ ಪಗಾರ ಬರುತ್ತಿತ್ತು, ಅವಳ ಮನೆಗೆ ಅವಳದೊಂದೇ.

ಕಾಕಾ ಕಾಗದ ತಿರುವಿ ನೋಡಿದರು. "ಒಂದ ಸಹಿ?"

"ಹೌದ್ರಿ."

ಅವರು ಅದನ್ನು ಡ್ರಾಯರಿನಲ್ಲಿ ಇಟ್ಟು ಮುಚ್ಚಿದರು. ಆ ಅರ್ಜಿಗೆ ಉತ್ತರ ಬರಲೇ ಇಲ್ಲ.

ಅಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು, "ನೀ ಒಬ್ಬಾಕಿನ ಯಾಕ ಹಾಕಿದಿ?"

"ಮತ್ತ್ಯಾರೂ ಹಾಕಲಿಲ್ಲವ್ವಾ, ಅದಕ್ಕ."

ಅವಳು ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.

ಕರಾರು ಮುಗಿಯಲು ನಾಲ್ಕು ತಿಂಗಳಿತ್ತು. ಯಾರೂ ಬೈಯಲಿಲ್ಲ, ಜಗಳವಾಡಲಿಲ್ಲ. ಪಂದ್ಯಗಳಲ್ಲಿ ನನ್ನನ್ನು ಅಂಕಣದ ಹೊರಗೆ ಕೂಡಿಸಿದರು, ಅಷ್ಟೇ. ತಂಡದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಮೇಲೆ ಎಲ್ಲರ ಚೀಲಗಳು ಬಂದು ಕೂತವು. ಗೆಳತಿ ಒಮ್ಮೊಮ್ಮೆ ನನ್ನ ಕಡೆ ಹೆಜ್ಜೆ ಹಾಕುತ್ತಿದ್ದಳು, ಕೋಚ್ ಕಂಡರೆ ಶೂ ಲೇಸು ಕಟ್ಟಲು ಬಗ್ಗುತ್ತಿದ್ದಳು. ಇದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಒಂದೇ. ಕಾಕಾ ನನ್ನೊಡನೆ ಮರಾಠಿಯಲ್ಲಿ ಮಾತಾಡತೊಡಗಿದರು. ಮೊದಲ ಸಲ ಹಾಗಾದಾಗ ಕನ್ನಡದಲ್ಲೇ ಉತ್ತರ ಕೊಟ್ಟೆ. ಅವರು ಫೈಲಿನಿಂದ ತಲೆ ಎತ್ತದೆ ಮತ್ತೆ ಮರಾಠಿಯಲ್ಲೇ ಮುಂದುವರಿಸಿದರು. ಆಮೇಲೆ ಕಾರ್ಖಾನೆಯಲ್ಲಿ ನಾನು ಕನ್ನಡದ ಒಂದು ಮಾತೂ ಆಡಲಿಲ್ಲ.

ಕರಾರು ಮುಗಿಯಿತು. ನಮ್ಮ ಓಣಿಯ ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್ ಆದೆ. ಲಗ್ನ ಆಗಲಿಲ್ಲ. ಹಳೆಯ ತಂಡದವರು ಯಾರೂ ಬರಲಿಲ್ಲ, ನಾನೂ ಹೋಗಲಿಲ್ಲ.

ಆರೇಳು ವರ್ಷಗಳ ನಂತರ ಒಂದು ಭಾನುವಾರ ಮಧ್ಯಾಹ್ನ ಗೆಳತಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಪೇಢೆಯ ಡಬ್ಬಿ. ಅಪ್ಪ ಅವ್ವ ಧಾರವಾಡಕ್ಕೆ ಹೋಗಿದ್ದರು. ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದಿದ್ದರಂತೆ. ಆಟಗಾರ್ತಿಯರೆಲ್ಲ ಸೇರಿ ಮತ್ತೆ ಕೇಳಿದ್ದರಂತೆ. ನಾಲ್ವರಿಗೆ ಕಾಯಂ ನೌಕರಿಯಾಗಿತ್ತು, ಗಂಡಸರದೇ ಗ್ರೇಡು, ಅದೇ ಪಗಾರ. ಅವರಲ್ಲಿ ಇವಳೂ ಒಬ್ಬಳು.

"ನೀನೂ ಇರಬೇಕಿತ್ತು," ಎಂದು ಹೇಳಿ ಅತ್ತಳು.

ಖುಷಿಯಾಯಿತು ಎಂದೆ. ಅದು ಸುಳ್ಳಲ್ಲ. ಆ ನಾಲ್ವರ ಸನ್ಮಾನಕ್ಕೆ ಬಾ ಎಂದು ಕರೆದಾಗ ಮಾತ್ರ, ಅಂದು ಶಾಲೆಯ ಸ್ಪೋರ್ಟ್ಸ್ ಇದೆ ಎಂದು ಸುಳ್ಳು ಹೇಳಿದೆ. ಅವಳನ್ನು ಬಸ್ಸು ಹತ್ತಿಸಿ ಬಂದು, ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಒಂದು ಪೇಢೆ ತಿಂದೆ. ಉಳಿದದ್ದನ್ನು ಮರುದಿನ ಎಂಟನೆಯ ತರಗತಿಯ ಹುಡುಗಿಯರಿಗೆ ಹಂಚಿದೆ. ಯಾತಕ್ಕೆ ಟೀಚರ್, ಎಂದು ಒಬ್ಬಳು ಕೇಳಿದಳು. ನನ್ನ ಗೆಳತಿಯ ನೌಕರಿ ಕಾಯಂ ಆಯಿತು ಎಂದಷ್ಟೇ ಹೇಳಿ, ಸಾಲಾಗಿ ನಿಲ್ಲಲು ಸೀಟಿ ಊದಿದೆ.