ಒಂದೇ ಮುಚ್ಚಳದ ಚಹಾ

ನಮ್ಮ ಅಡುಗೆಮನೆಯ ಅಟ್ಟದಲ್ಲಿ, ಮದುವೆಗೆ ಉಡುಗೊರೆಯಾಗಿ ಬಂದು ಇಂದಿಗೂ ಕಾಗದದ ಮುಸುಕು ತೆಗೆಯದ ಗಾಜಿನ ತಟ್ಟೆಗಳ ಪಕ್ಕದಲ್ಲಿ, ಹಳೆಯ ಫ್ಲಾಸ್ಕೊಂದು ನಿವೃತ್ತ ಜೀವನ ನಡೆಸುತ್ತಿದೆ. ಮೈಮೇಲಿನ ಗುಲಾಬಿಗಳೆಲ್ಲ ಎಂದೋ ಮಾಸಿ ದಂಟುಗಳು ಮಾತ್ರ ಉಳಿದಿವೆ. ಕುದಿಯುವುದನ್ನು ಹೊಯ್ದರೆ ಬೆಚ್ಚಗಿನದನ್ನು ಹಿಂದಿರುಗಿಸುತ್ತದೆ, ಬೆಚ್ಚಗಿನದನ್ನು ಹೊಯ್ದರೆ ತಣ್ಣಗಿನದನ್ನು; ವಯಸ್ಸಿನ ವಿಷಯ, ಟೀಕಿಸುವ ಸ್ಥಿತಿಯಲ್ಲಿ ನಾನೂ ಇಲ್ಲ. ಅದರ ನೀಲಿ ಮುಚ್ಚಳವೇ ಅದರ ಲೋಟ. ಓದುಗ ಮಿತ್ರರೇ, ಒಂದು ಫ್ಲಾಸ್ಕು, ಒಂದು ಮುಚ್ಚಳ, ಕುಡಿಯುವವರು ಇಬ್ಬರು ಎಂಬುದನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಿ. ನಮ್ಮ ದಾಂಪತ್ಯದ ಸಂವಿಧಾನ ನಿಂತದ್ದು ಈ ಕೊರತೆಯ ಮೇಲೆ.

ನಮ್ಮ ಗಡಿನಾಡಿನ ವಿದ್ಯಾನಗರದ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಹೊಸ ಗುಮಾಸ್ತನಾಗಿದ್ದ ಕಾಲ. ಬಾಡಿಗೆ ಮನೆ, ಹೊಸ ಹೆಂಡತಿ, ತಿಂಗಳ ಕೊನೆಗಿಂತ ಮೊದಲೇ ಮುಗಿದುಹೋಗುವ ಸಂಬಳ. ಮಿತವ್ಯಯವೆಂಬುದು ಆಗ ನಮಗೆ ಸದ್ಗುಣವೇನೂ ಆಗಿರಲಿಲ್ಲ; ಬೇರೆ ದಾರಿ ಇಲ್ಲದಿರುವುದಕ್ಕೆ ನಾವು ಇಟ್ಟುಕೊಂಡ ಗೌರವದ ಹೆಸರಾಗಿತ್ತು. ಹಾಗೆಂದು ಭಾನುವಾರ ಮನೆಯಲ್ಲೇ ಕೂತು ಗೋಡೆ ನೋಡುವುದು ನನ್ನ ಹೆಂಡತಿ ವಾರಿಜಳ ಸ್ವಭಾವಕ್ಕೆ ಒಗ್ಗುವಂಥದ್ದಲ್ಲ. ವಿಶೇಷ ದಿನಗಳಲ್ಲಿ ಮಧೂರಿನ ದೇವಸ್ಥಾನ, ಉಳಿದ ಭಾನುವಾರಗಳಲ್ಲಿ ಶಿರಿಯದ ಕಡಲತೀರ ಎಂದು ನಮ್ಮ ವಿಹಾರ ಖಾತೆಯ ವೇಳಾಪಟ್ಟಿ ತಾನಾಗಿ ಸಿದ್ಧವಾಯಿತು. ಬಸ್ಸಿನ ಎಡಬದಿಯ ಸೀಟು ಹಿಡಿದರೆ ದಾರಿಯುದ್ದಕ್ಕೂ ತೆಂಗಿನಮರಗಳ ನಡುವೆ ಕಡಲು ಇಣುಕಿ ಇಣುಕಿ ಮಾತಾಡಿಸುತ್ತಿತ್ತು. ಅದಕ್ಕೆ ಪ್ರತ್ಯೇಕ ಟಿಕೆಟು ಇರಲಿಲ್ಲ. ಶಿರಿಯದಲ್ಲಿ ಇಳಿದು, ಹೊಳೆ ಕಡಲಿಗೆ ಸೇರುವ ಅಳಿವೆಯ ತನಕ ನಡೆದು, ಮಗುಚಿಟ್ಟ ದೋಣಿಯೊಂದರ ಬೆನ್ನ ಮೇಲೆ ಕೂತರೆ, ನಮ್ಮ ಐಶ್ವರ್ಯಕ್ಕೆ ಮೇರೆಯೇ ಇರುತ್ತಿರಲಿಲ್ಲ.

ಮೊದಲ ಸಲ ಹೋದಾಗ ಇನ್ನೊಂದು ಲೋಟ ತರಲು ಮರೆತುಹೋಗಿತ್ತು. ಎರಡನೆಯ ಸಲವೂ ಚೀಲದಲ್ಲಿ ಲೋಟ ಇರಲಿಲ್ಲ. ಭಾರ ಕಡಿಮೆಯಾಯಿತಲ್ಲ ಎಂದು ನಾನು ನನ್ನ ಮಿತವ್ಯಯದ ಲೆಕ್ಕಕ್ಕೆ ಅದನ್ನೂ ಸೇರಿಸಿ ಒಳಗೊಳಗೇ ಬೀಗಿದೆ. ಹೀಗೆ ಒಂದು ಪದ್ಧತಿ ಹುಟ್ಟಿತು: ಒಬ್ಬರು ಕುಡಿಯುವಾಗ ಇನ್ನೊಬ್ಬರು ಕಾಯಬೇಕು, ಕಾಯುವವರಿಗೆ ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಮಾತಾಡಬೇಕು, ಕುಡಿಯುವವರ ಬಾಯಿ ಮುಚ್ಚಳದಲ್ಲಿ ಇರುವುದರಿಂದ ಅವರು ಕೇಳಲೇಬೇಕು. ಗಂಡಹೆಂಡಿರ ಜಗಳ ನಿವಾರಣೆಗೆ ಇದಕ್ಕಿಂತ ಉತ್ತಮವಾದ ಉಪಕರಣವನ್ನು ಯಾವ ನ್ಯಾಯಾಲಯವೂ ಕಂಡುಹಿಡಿದಂತಿಲ್ಲ. ಮಗಳನ್ನು ಕನ್ನಡ ಶಾಲೆಗೆ ಸೇರಿಸುವುದೋ ಮಲಯಾಳಕ್ಕೋ, ಫ್ರಿಜ್ಜು ಈ ವರ್ಷವೋ ಬರುವ ವರ್ಷವೋ, ನನ್ನ ತಾಯಿಯ ಜೊತೆ ಅವಳು ಮಾತು ಬಿಟ್ಟದ್ದು ಸರಿಯೋ ತಪ್ಪೋ, ಎಲ್ಲವೂ ತೀರ್ಮಾನವಾದದ್ದು ಆ ದೋಣಿಯ ಬೆನ್ನ ಮೇಲೆ, ಮುಚ್ಚಳ ಕೈ ಬದಲಾಯಿಸುವ ಹೊತ್ತಿನಲ್ಲಿ.

ಅಲ್ಲೇ ದಾರಿಯಂಚಿನಲ್ಲಿ ಇಬ್ರಾಯಿಚ್ಚನ ಚಹಾದ ಅಂಗಡಿ. ನಾವು ಅವನಲ್ಲಿ ಕೊಳ್ಳುತ್ತಿದ್ದದ್ದು ಎಣ್ಣೆಯಿಂದ ಆಗಷ್ಟೇ ತೆಗೆದ ಒಂದು ಪೊಟ್ಟಣ ಗೋಳಿಬಜೆ ಮಾತ್ರ. ಪೊಟ್ಟಣ ಕಟ್ಟುತ್ತಾ ಅವನು ಪ್ರತಿ ಸಲ ನನ್ನ ಚೀಲದ ಕಡೆ ಕಣ್ಣು ಹಾಯಿಸುತ್ತಿದ್ದ.

"ಚಾ ಸಹ ಮನೆಯಿಂದ್ಲೇ ತಂದದ್ದಾ ಸಾರೇ? ಕಡಲೊಂದನ್ನು ಮನೆಯಿಂದ ತರ್ಲಿಲ್ಲ ಅಲ್ವಾ, ಅಷ್ಟೇ ನಮ್ಮ ಪುಣ್ಯ."

"ಅದು ಫ್ಲಾಸ್ಕಿಗೆ ಹಿಡಿಯುದಿಲ್ಲ ಇಬ್ರಾಯಿಚ್ಚ, ಇಲ್ಲದಿದ್ರೆ ಇವರು ಬಿಡ್ತಿದ್ರಾ?" ಎಂದು ವಾರಿಜ ನನ್ನನ್ನು ಅವನ ಕೈಗೊಪ್ಪಿಸಿ ನಗುತ್ತಿದ್ದಳು.

ಕಾಲ ಹೀಗೆ ಸಾಗಿತು. ಮಗಳು ಮದುವೆಯಾಗಿ ಉಪ್ಪಳಕ್ಕೆ ಹೋದಳು, ಹೆದ್ದಾರಿ ಅಗಲವಾಗಿ ಬಸ್ಸಿನ ಕಿಟಕಿಗೆ ಕಡಲಿಗಿಂತ ಕಾಂಕ್ರೀಟು ಹೆಚ್ಚು ಕಾಣತೊಡಗಿತು, ನನಗೆ ನಿವೃತ್ತಿಯಾಯಿತು. ಎರಡು ಲೋಟ ಕೊಳ್ಳುವ ಯೋಗ್ಯತೆ ಬಂದು ಎಷ್ಟೋ ಕಾಲವಾಗಿದ್ದರೂ ಮುಚ್ಚಳ ಒಂದೇ ಆಗಿ ಉಳಿಯಿತು. ನಾನು ಅದನ್ನು ಸುಖವೆಂದೇ ತಿಳಿದಿದ್ದೆ. ಆ ಸುಖ ಇಬ್ಬರದೂ ಹೌದೋ ಎಂದು ಸಂಶಯ ಬಂದದ್ದು ಮೊನ್ನೆ ಮೊನ್ನೆ.

ವಾರಿಜಳ ತಂಗಿ ಸುಜಯ ಶಾರ್ಜಾದಿಂದ ರಜೆಯಲ್ಲಿ ಬಂದವಳು ನಮ್ಮಲ್ಲಿ ಊಟಕ್ಕೆ ಉಳಿದಿದ್ದಳು. ನಾನು ಜಗಲಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ. ಅಡುಗೆಮನೆಯಿಂದ ಅವಳ ಸ್ವರ ಕೇಳಿಸಿತು.

"ಅಲ್ಲ ಅಕ್ಕ, ಒಂದು ಮುಚ್ಚಳದಲ್ಲಿ ಇಬ್ಬರು ಚಾ ಕುಡಿಯೂದಾ ಇನ್ನೂ? ಭಾವನ ಈ ಜಿಪುಣತನ ನೀನು ಹೇಗೆ ಸಹಿಸ್ಕೊಂಡಿ ಮಾರಾಯ್ತಿ ಇಷ್ಟು ವರ್ಷ? ನಿನಗೆ ಬೇಸರ ಆಗಲೇ ಇಲ್ವಾ?"

ವಾರಿಜ ಏನೋ ಉತ್ತರ ಹೇಳಿದಳು. ಅದೇ ಕ್ಷಣಕ್ಕೆ ಕುಕ್ಕರು ಸೀಟಿ ಹಾಕಿತು. ಅದು ದಮ್ಮು ಕಟ್ಟಿ ಕೂಗಿ ಮುಗಿಸುವಷ್ಟರಲ್ಲಿ ಅಕ್ಕತಂಗಿಯರು ಬಂಗಡೆ ಮೀನಿನ ರೇಟಿಗೆ ತಲುಪಿದ್ದರು.

ವಾರಿಜಳನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ಅವಳು ನಯವಾಗಿ "ಎಂತ ಬೇಸರ?" ಎಂದುಬಿಡುತ್ತಾಳೆ, ನನಗೆ ಬೇಕಿದ್ದದ್ದು ನಯವಾದ ಉತ್ತರವಲ್ಲ. ಜೀವನವಿಡೀ ಒಬ್ಬರ ಜೊತೆ ಸಂತೋಷವಾಗಿ ಇದ್ದೆವೆಂದು ಭಾವಿಸಿ, ಕೊನೆಗೆ ಅದು ಇನ್ನೊಬ್ಬರ ಸಹನೆಯ ಖರ್ಚಿನಲ್ಲಿ ನಡೆದದ್ದೆಂದು ಗೊತ್ತಾದರೆ, ಅಷ್ಟು ದೊಡ್ಡ ದುಂದುವೆಚ್ಚವನ್ನು ಯಾವ ಮಿತವ್ಯಯದಿಂದ ಸರಿದೂಗಿಸುವುದು?

ಸುಜಯ ಹೊರಡುವ ಮೊದಲು ಹೊಳೆಯುವ ಸ್ಟೀಲಿನ ಫ್ಲಾಸ್ಕೊಂದನ್ನು ಮೇಜಿನ ಮೇಲಿಟ್ಟಳು. ಅದಕ್ಕೆ ಎರಡು ಲೋಟ, ಒಂದರ ತಲೆಯ ಮೇಲೆ ಇನ್ನೊಂದು. ಹಳೆಯದು ಅಟ್ಟ ಹತ್ತಿತು.

ಮುಂದಿನ ಭಾನುವಾರ ದೋಣಿಯ ಬೆನ್ನ ಮೇಲೆ ಕೂತು ಇಬ್ಬರೂ ತಮ್ಮ ತಮ್ಮ ಲೋಟ ಹಿಡಿದೆವು. ಚಹಾ ಸುಡುವಷ್ಟು ಬಿಸಿ. ಇಬ್ಬರೂ ಊದಿದೆವು, ಇಬ್ಬರೂ ಕುಡಿದೆವು, ದೊಡ್ಡ ಅಧಿಕಾರಿಯ ಕೋಣೆಯ ಹೊರಗೆ ಕರೆಗಾಗಿ ಕಾದು ಕೂತವರಂತೆ ಇಬ್ಬರೂ ಕಡಲು ನೋಡಿದೆವು. ಯಾರ ಸರದಿಯೂ ಅಲ್ಲದ್ದರಿಂದ ಯಾರೂ ಮಾತಾಡಲಿಲ್ಲ. ಯಾವಾಗಲೂ ಸೂರ್ಯ ಮುಳುಗುವ ತನಕ ಬರುತ್ತಿದ್ದ ಚಹಾ ನೋಡನೋಡುತ್ತ ಮುಗಿದೇಹೋಯಿತು. ಎದ್ದು ಬಂದೆವು.

"ಎಂತ ಸಾರೇ, ಇಷ್ಟು ಬೇಗ?" ಇಬ್ರಾಯಿಚ್ಚ ಅಂಗಡಿಯಿಂದಲೇ ಕೂಗಿದ. "ಕಡಲು ಇವತ್ತು ಸರಿ ಇಲ್ವಾ?"

ವಾರಿಜ ಆ ದಿನ ನಗಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಾನು ಮುಂದಿನ ಸೀಟಿನ ಬೆನ್ನು ನೋಡುತ್ತಿದ್ದೆ. ಎರಡು ಲೋಟ ಸಿಕ್ಕಿದ ಮೇಲೆ ಅವಳಿಗೆ ಹಳೆಯ ವರ್ಷಗಳ ನಷ್ಟ ಲೆಕ್ಕಕ್ಕೆ ಬಂದಿರಬೇಕು ಎಂದು ನನ್ನ ಮನಸ್ಸು ತೀರ್ಪು ಬರೆಯತೊಡಗಿತ್ತು.

ಮೊನ್ನಿನ ಭಾನುವಾರ ಮತ್ತೆ ಹೋದೆವು. ಅವಳು ಚೀಲದಿಂದ ಸ್ಟೀಲಿನ ಫ್ಲಾಸ್ಕು ತೆಗೆದು, ಅದರ ತಲೆಯ ಮೇಲಿದ್ದ ಲೋಟ ತಿರುಗಿಸಿ, ಚಹಾ ಬಗ್ಗಿಸಿ ನನ್ನ ಕೈಗಿತ್ತಳು. ನಾನು ಅವಳ ಲೋಟಕ್ಕಾಗಿ ಚೀಲದೊಳಗೆ ಕೈಯಾಡಿಸಿದೆ. ಟವೆಲು ಉಂಟು, ಕೊಡೆ ಉಂಟು, ಗೋಳಿಬಜೆಯ ಪೊಟ್ಟಣ ಉಂಟು.

"ಇನ್ನೊಂದು ಎಲ್ಲಿ?"

"ಅದಾ? ಅದನ್ನು ಅಕ್ಕಿಡಬ್ಬಿಗೆ ಹಾಕಿದ್ದೇನೆ, ಅಳೀಲಿಕ್ಕೆ. ನಮ್ಮಿಬ್ಬರ ಊಟಕ್ಕೆ ಸರೀ ಅಳತೆ."

ಚೀಲ ಕಟ್ಟುತ್ತಿದ್ದವಳು ಅಂದಿನಿಂದ ಇಂದಿನವರೆಗೆ ಅವಳೇ ಅಲ್ಲವೇ ಎಂಬ ಸರಳ ಸಂಗತಿ, ಸರ್ಕಾರಿ ಸೇವೆಯಲ್ಲಿ ಸವೆದ ನನ್ನ ಬುದ್ಧಿಗೆ ಹೊಳೆದದ್ದು ಆಗ. ಎರಡನೆಯ ಸಲ ಲೋಟ ಮರೆತದ್ದಲ್ಲ. ಅದರ ಮುಂದಿನ ಯಾವ ಸಲವೂ ಮರೆತದ್ದಲ್ಲ. ನನ್ನ ಮಿತವ್ಯಯವೆಂದು ನಾನು ಬೀಗುತ್ತಿದ್ದದ್ದು ಅವಳ ಏರ್ಪಾಡು.

"ಎಂತ ನೋಡುದು? ನೀವು ಕುಡೀರಿ ಮೊದಲು," ಅಂದಳು ಅವಳು, ಕಾಲು ಚಾಚಿ ದೋಣಿಗೆ ಒರಗುತ್ತಾ. "ನನಗೆ ಹೇಳ್ಲಿಕ್ಕೆ ಎರಡು ವಾರದ್ದು ಬಾಕಿ ಉಂಟು."

ನಾನು ಲೋಟವನ್ನು ತುಟಿಗಿಟ್ಟು, ಆದಷ್ಟು ನಿಧಾನವಾಗಿ ಕುಡಿಯತೊಡಗಿದೆ.