ಖಾಲಿ ಲಕೋಟೆಗೊಂದು ಬಿಳಿ ರಟ್ಟು

ಬೆಳಗಿನ ಆರೂಕಾಲು. ಹೆಂಗಸರ ಜೈಲಿನ ಅಂಚೆ ಕೋಣೆಯ ಪೂರ್ವದ ಕಿಟಕಿಗೆ ಆಗಷ್ಟೇ ಬೆಳಕು ಬಿದ್ದಿದೆ. ಗಾಜಿಗೆ ಒಂದು ಟ್ರೇಸಿಂಗ್ ಹಾಳೆ, ಅದರ ಮೇಲೊಂದು ಬಿಳಿ ರಟ್ಟು ಒತ್ತಿ ಹಿಡಿದು, ಖಾಕಿ ತೊಟ್ಟ ಐವತ್ತರ ಹೆಂಗಸೊಬ್ಬರು ನಾಲಿಗೆ ಕಚ್ಚಿಕೊಂಡು ಬೆಕ್ಕಿನ ಬಾಲ ಬರೆಯುತ್ತಿದ್ದಾರೆ. "ಮಾತಾಡಿಸ್ಬೇಡಿ, ಬಾಲ ಮುಗೀಲಿ," ಎನ್ನುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಪೆನ್ನನ್ನು ಜೇಬಿಗಿಳಿಸುತ್ತೇನೆ.

ಇಲ್ಲಿಗೆ ಬರುವ ಪತ್ರಗಳನ್ನೆಲ್ಲ ಕತ್ತರಿಸಿ ತಪಾಸಣೆ ಮಾಡುವುದು ಇವರ ಕೆಲಸ. ದಿನಕ್ಕೆ ನೂರರ ಮೇಲೆ. ಕೈದಿಗಳು ಇಟ್ಟ ಹೆಸರು ಕತ್ತರಿ ಅಕ್ಕ. ಅಂಟು ಹಚ್ಚಿದ, ಹತ್ತಿ ತುಂಬಿದ, ಎರಡು ಪದರದ ಶುಭಾಶಯ ಕಾರ್ಡು ಒಳಗೆ ಹೋಗುವಂತಿಲ್ಲ; ಪದರದ ನಡುವೆ ಏನಾದರೂ ನುಸುಳೀತೆಂಬ ಭಯ. ಅದು ಉಗ್ರಾಣ ಸೇರಿ, ಬಿಡುಗಡೆಯ ದಿನ ಕೈಗೆ ಬರುತ್ತದೆ. ಅಲ್ಲಿಯವರೆಗೆ ಕೈದಿಗೆ ಸಿಗುವುದು ಹೆಸರು ಬರೆದ ಖಾಲಿ ಲಕೋಟೆ ಮಾತ್ರ. ಮಕ್ಕಳು ಮಾಡುವ ಕಾರ್ಡೆಂದರೆ ಅರ್ಧಕ್ಕರ್ಧ ಅಂಟೇ ಅಲ್ಲವೇ?

"ಖಾಲಿ ಕವರ್ ಕೊಡೋದು ಅಂದ್ರೆ ಹಸಿದವರ ಮುಂದೆ ಬರೀ ತಟ್ಟೆ ಇಟ್ಟ ಹಾಗೆ. ಹದಿನೈದು ವರ್ಷ ಇಟ್ಟೆ. ಆಮೇಲೆ ಕೈ ಬರ್ಲಿಲ್ಲ," ಎನ್ನುತ್ತಾರೆ. ಮೇಲಧಿಕಾರಿಯ ಬೆನ್ನು ಬಿದ್ದು ಮೂರು ವರ್ಷದ ಹಿಂದೆ ಒಪ್ಪಿಗೆ ಪಡೆದರು. ಕಾರ್ಡನ್ನು ಟ್ರೇಸಿಂಗ್ ಹಾಳೆಗೆ ಇಳಿಸಿಕೊಂಡು, ಒಂದೇ ಪದರದ ರಟ್ಟಿನ ಮೇಲೆ ನಕಲು ಮಾಡಿ, ಅದೇ ಲಕೋಟೆಯಲ್ಲಿಟ್ಟು ಕೊಡಬಹುದು. ಡ್ಯೂಟಿಗೆ ಮುಂಚೆ, ಸ್ವಂತ ಸಾಮಾನಿನಲ್ಲಿ.

ರಟ್ಟು ಹುಡುಕುವುದು ಹೇಳಿದಷ್ಟು ಸುಲಭವಲ್ಲ. ಶರ್ಟಿನೊಳಗಿನದು ದಪ್ಪ, ಬೆಳಕು ಹಾಯದು. ಕ್ಯಾಲೆಂಡರಿನದು ತೆಳು, ನಿಲ್ಲಿಸಿದರೆ ಮಕಾಡೆ ಮಲಗುತ್ತದೆ. ಹೇಳಿ ಮಾಡಿಸಿದಂತಿರುವುದು ಬೆಡ್‌ಶೀಟ್ ಪೊಟ್ಟಣದೊಳಗಿನ ಬಿಳಿ ರಟ್ಟು. ಅದರ ಬದಲು ಈಗ ಪ್ಲಾಸ್ಟಿಕ್ ಹಾಕತೊಡಗಿದ್ದಾರೆ, ಅವರ ಮನೆ ಹಾಳಾಗ! ಕತ್ತರಿ ಅಕ್ಕ ಅಂಗಡಿಯಂಗಡಿ ಸುತ್ತಿ, ಪೊಟ್ಟಣ ಹಿಚುಕಿ ನೋಡಿ, ಬೈಸಿಕೊಂಡು ಬರುತ್ತಾರೆ. ಅವರನ್ನು ಗೇಟಿಗೆ ಬಿಡಲು ಬರುವ ಗಂಡ ಬಸ್ ಡ್ರೈವರ್. "ನಮ್ಮನೇಲಿ ಇರೋದು ಎರಡು ಮಂಚ, ಹನ್ನೊಂದು ಬೆಡ್‌ಶೀಟು," ಎಂದು ನಗುತ್ತಾರೆ.

ಮೊದಲ ನಕಲೇ ಎಡವಟ್ಟಾಗಿತ್ತಂತೆ. ಹೊಲಿಗೆ ವಿಭಾಗದ ಕೈದಿ, ಎಲ್ಲರ ಬಾಯಲ್ಲಿ ಟೈಲರಮ್ಮ; ಅವಳ ಆರು ವರ್ಷದ ಮಗಳು ಕಳಿಸಿದ ಕಾರ್ಡು. ಸೂರ್ಯನ ನಡುವಿನ ಕಂದು ಚುಕ್ಕೆಯನ್ನು ಕೊಳೆ ಅಂದುಕೊಂಡು ಅಕ್ಕ ಬಿಟ್ಟುಬಿಟ್ಟರು. ಸೊಟ್ಟ ಮನೆಯನ್ನು ನೆಟ್ಟಗೆ ಮಾಡಿದರು. ಟೈಲರಮ್ಮ ಅದನ್ನು ಮೇಜಿನ ಮೇಲೆ ಎಸೆದಳು. "ನನ್ನ ಮಗಳು ಸೂರ್ಯಂಗೆ ಮೂಗಿಡ್ತಾಳೆ. ಇದು ನಿಮ್ಮದು, ನೀವೇ ಇಟ್ಕೊಳ್ಳಿ."

"ಮುಖಕ್ಕೆ ಹೊಡೆದ ಹಾಗಾಯ್ತು. ಆದ್ರೆ ಅವಳು ಹೇಳಿದ್ದೇ ಸರಿ," ಎನ್ನುತ್ತಾರೆ ಅಕ್ಕ. ಮರುದಿನ ಮೂಗಿಟ್ಟು ಹೊಸದು ಮಾಡಿದರು. ಅಲ್ಲಿಂದೀಚೆಗೆ ಹೊಡೆದು ಹಾಕಿದ ಗೆರೆ, ಬೆರಳಿನ ಕಲೆ, ಯಾವುದನ್ನೂ ಬಿಡುವುದಿಲ್ಲ.

ಈ ಶುಕ್ರವಾರ ಟೈಲರಮ್ಮನ ಬಿಡುಗಡೆ. ಇಂದಿನ ಬೆಕ್ಕು ಅವಳ ಮಗಳದ್ದೇ. ಇನ್ನು ನಾಲ್ಕೇ ದಿನವಲ್ಲವೇ, ಇದೊಂದು ಬಿಟ್ಟರಾಗದೇ ಎಂದು ಕೇಳಿ ಬೈಸಿಕೊಳ್ಳುತ್ತೇನೆ. "ನಾಲ್ಕು ದಿನ ನಿಮ್ಗೆ ನಾಲ್ಕು ದಿನ. ಒಳಗಿರೋರನ್ನ ಕೇಳಿ." ಆಮೇಲೆ ದನಿ ತಗ್ಗುತ್ತದೆ. "ಶುಕ್ರವಾರ ಅಸಲಿ ಕಾರ್ಡು ಅವಳ ಕೈಗೆ ಬರುತ್ತೆ. ನನ್ನವು ಕಸದ ಬುಟ್ಟಿಗೆ. ಹೋಗ್ಲಿ ಬಿಡಿ, ಹೋಗ್ಬೇಕಾದ್ದೇ. ಆದ್ರೂ ಅದನ್ನ ನಿಂತು ನೋಡೋಕೆ ಮನಸ್ಸಿಲ್ಲ."

ಶುಕ್ರವಾರ, ಗೇಟಿನ ಪಕ್ಕದ ಕೋಣೆ. ಮೇಜಿನ ಮೇಲೆ ಉಗ್ರಾಣದಿಂದ ಬಂದ ಹದಿನಾಲ್ಕು ಕಾರ್ಡುಗಳು: ಹತ್ತಿಯ ಮೋಡ, ಗುಂಡಿಯ ಕಣ್ಣು. ಟೈಲರಮ್ಮ ಒಂದೊಂದನ್ನೂ ಸವರಿ ಸವರಿ ನೋಡುತ್ತಾಳೆ. ಕರೆದೊಯ್ಯಲು ಬಂದಿರುವ ಮಗಳಿಗೀಗ ಒಂಬತ್ತು. ಕತ್ತರಿ ಅಕ್ಕ ನೋಡಲಾರದೆ ಗೋಡೆಯ ಕಡೆ ತಿರುಗಿದ್ದಾರೆ.

ಟೈಲರಮ್ಮ ಹದಿನಾಲ್ಕನ್ನೂ ಮಗಳ ಕೈಗಿಡುತ್ತಾಳೆ. "ನೀನು ಮಾಡಿದ್ದು, ನೀನೇ ಜೋಪಾನವಾಗಿಟ್ಕೋ." ಆಮೇಲೆ ತನ್ನ ಬಟ್ಟೆ ಚೀಲದಿಂದ ಅಂಚು ಸವೆದ ನಕಲುಗಳ ಕಟ್ಟು ತೆಗೆದು ಎದೆಗೊತ್ತಿಕೊಳ್ಳುತ್ತಾಳೆ. "ಇವು ನನ್ನವು. ಮೂರು ವರ್ಷ ಇವನ್ನೇ ದಿಂಬಿನ ಕೆಳಗಿಟ್ಕೊಂಡು ಮಲಗಿದೀನಿ."

ಗೇಟು ಮುಚ್ಚಿದ ಮೇಲೂ ಕತ್ತರಿ ಅಕ್ಕ ಕಣ್ಣೊರೆಸುತ್ತಲೇ ಇದ್ದಾರೆ. ಡ್ಯೂಟಿ ಮೇಲೆ ಅಳಬಹುದೇ ಎಂದು ರೇಗಿಸುತ್ತೇನೆ.

"ಅಳಬಾರ್ದು ಅಂತ ರೂಲ್ಸ್‌ನಲ್ಲಿ ಎಲ್ಲೂ ಇಲ್ಲ. ನೋಡಿದೀನಿ."